ಶುಕ್ರವಾರದ ಪತ್ರಕ್ಕೆ ನಾಲ್ಕೂವರೆ ಸ್ಟಾರ್, ಆ್ಯಪ್‌ಗೆ ಎರಡು

ಮಗಳು ಓದುವುದು ಒಂದು ಕ್ರೈಸ್ತ ಪ್ರೈಮರಿ ಶಾಲೆಯಲ್ಲಿ. ಈಗ ಮೂರನೇ ಕ್ಲಾಸು. ಪಾಠ ಹೇಗಿದೆ, ಟೀಚರುಗಳು ಹೇಗಿದ್ದಾರೆ ಅನ್ನುವುದು ಈ ರಿವ್ಯೂ ಅಲ್ಲ. ಶಾಲೆ ಮನೆಗೆ ಸುದ್ದಿ ಹೇಗೆ ಕಳಿಸುತ್ತದೆ ಅನ್ನುವುದಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಮಗುವನ್ನು ಸೇರಿಸುವಾಗ ಇದನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಸೇರಿಸಿದ ಮೇಲೆ ಗೊತ್ತಾಯಿತು, ಅಪ್ಪ ಅಮ್ಮನಿಗೆ ಗೇಟಿನ ಒಳಗಿನ ಲೋಕ ಕಾಣುವುದು ಈ ಸುದ್ದಿಗಳ ಮೂಲಕವೇ. ಏಕೆಂದರೆ ಮಗುವನ್ನು ಕೇಳಿದರೆ ದಿನಾ ಒಂದೇ ಉತ್ತರ, "ಏನೂ ಆಗಲಿಲ್ಲ".

ನಮ್ಮ ಶಾಲೆಯಲ್ಲಿ ಸುದ್ದಿ ಮೂರು ಕಡೆಯಿಂದ ಬರುತ್ತದೆ. ಶುಕ್ರವಾರ ಮಧ್ಯಾಹ್ನ ಒಂದು ಪತ್ರ ಇಮೇಲಿನಲ್ಲಿ ಬರುತ್ತದೆ, ಬೇಕು ಅಂದವರಿಗೆ ಅದೇ ಪತ್ರ ಮಗುವಿನ ಬ್ಯಾಗಿನಲ್ಲಿ ಕಾಗದದ ರೂಪದಲ್ಲೂ ಬರುತ್ತದೆ. ಎರಡನೆಯದು ಆ್ಯಪ್. ಮೂರನೆಯದು ಕ್ಲಾಸಿನ ಪೋಷಕರೇ ಮಾಡಿಕೊಂಡ ವಾಟ್ಸಾಪ್ ಗ್ರೂಪು, ಅದಕ್ಕೂ ಶಾಲೆಗೂ ಸಂಬಂಧ ಇಲ್ಲ.

ಮೊದಲು ಪತ್ರದ ಬಗ್ಗೆ. ಇದನ್ನು ನಾನು ನಿಜವಾಗಿಯೂ ಇಷ್ಟಪಡುತ್ತೇನೆ.

ಮೇಲುಗಡೆ ಒಂದು ಚಿಕ್ಕ ಚೌಕ ಇರುತ್ತದೆ. ಮುಂದಿನ ವಾರ ಯಾವ ದಿನ ಏನು, ಮಗುವಿನ ಕೈಯಲ್ಲಿ ಏನು ಕಳಿಸಬೇಕು, ಯಾವ ಚೀಟಿಗೆ ಸಹಿ ಬೇಕು. ಅಷ್ಟೇ. ಬೆಳಗ್ಗೆ ಏಳೂವರೆಗೆ ಒಂದು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಓದಬಹುದು. ಅದರ ಕೆಳಗೆ ಆ ವಾರ ನಡೆದದ್ದು, ಎರಡು ಮೂರು ಪ್ಯಾರಾ, ಬರೆದವರು ಯಾರೋ ಟೀಚರು, ಪ್ರತಿ ವಾರ ಬೇರೆ ಬೇರೆಯವರು. ಒಂದನೇ ಕ್ಲಾಸಿನವರು ಬೀಜ ನೆಟ್ಟಿದ್ದು, ಮೊಳಕೆ ಬರಲಿಲ್ಲ ಅಂತ ಅತ್ತಿದ್ದು, ಆಮೇಲೆ ಟೀಚರು ಮಣ್ಣು ಕೆದಕಿ ಬೇರು ತೋರಿಸಿದ್ದು, ಇಂಥದ್ದೆಲ್ಲ. "ನಮ್ಮ ವಿದ್ಯಾರ್ಥಿಗಳ ಸರ್ವತೋಮುಖ ಬೆಳವಣಿಗೆ" ಅನ್ನುವಂಥ ಮಾತು ಒಂದು ಸಲವೂ ಕಂಡಿಲ್ಲ. ಅದಕ್ಕೇ ಕೊನೆವರೆಗೂ ಓದುತ್ತೇನೆ.

ನಾವು ಕ್ರೈಸ್ತರಲ್ಲ. ಹಾಗಾಗಿ ಪತ್ರದಲ್ಲಿ ನನಗೆ ಜಾಸ್ತಿ ಉಪಯೋಗ ಆಗಿದ್ದು ಹಬ್ಬಗಳ ಭಾಗ. ಮೊದಲ ವರ್ಷ ಈಸ್ಟರ್ ರಜೆ ಯಾವಾಗ ಅಂತ ತಲೆ ಕೆಟ್ಟುಹೋಗಿತ್ತು. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. 2026ಕ್ಕೆ ನೋಡಿದರೆ ಏಪ್ರಿಲ್ 5. ಡಿಸೆಂಬರ್ 25ರ ಹಾಗೆ ಒಂದೇ ಕಡೆ ನಿಲ್ಲುವುದೇ ಇಲ್ಲ. ಪತ್ರದಲ್ಲಿ ಐದೇ ಸಾಲಿನಲ್ಲಿ ಅದನ್ನು ಬಿಡಿಸಿ ಹೇಳಿದ್ದರು: ಮಾರ್ಚ್ 21ರಂದು ಅಥವಾ ಅದಾದ ಮೇಲೆ ಚರ್ಚಿನ ಲೆಕ್ಕದಲ್ಲಿ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಲ್ಲಿ ಬೇಕಾದರೂ ಬೀಳಬಹುದು. ಹುಣ್ಣಿಮೆ ಅಂದ ಕೂಡಲೇ ನನಗೆ ಸಲೀಸಾಗಿ ಅರ್ಥವಾಯಿತು, ಹಬ್ಬವನ್ನು ಚಂದ್ರನ ಲೆಕ್ಕದಲ್ಲಿ ಹಿಡಿಯುವುದು ನಮಗೆ ಹೊಸದಲ್ಲವಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಮಾತು ಇತ್ತು. ಆರ್ಥಡಾಕ್ಸ್ ಸಭೆಗಳಲ್ಲಿ (ಸಭೆ ಅಂದರೆ ಇಲ್ಲಿ ಕ್ರೈಸ್ತರ ಒಂದು ಪಂಗಡ) ಹೆಚ್ಚಿನವು ಹಳೆಯ ಜೂಲಿಯನ್ ಕ್ಯಾಲೆಂಡರಿನ ಪ್ರಕಾರ ಈಸ್ಟರ್ ಲೆಕ್ಕ ಹಾಕುತ್ತವೆ, 2024ರಲ್ಲಿ ಅವರ ಈಸ್ಟರ್ ಮೇ 5ಕ್ಕೆ ಇತ್ತು. ಆ ಸಭೆಗಳಿಗೆ ಸೇರಿದ ಮನೆಯವರು ಆ ದಿನಗಳಲ್ಲಿ ರಜೆ ಬೇಕಿದ್ದರೆ ಒಂದು ಸಾಲು ಬರೆದು ಕಳಿಸಿ, ಮಗುವಿನ ಹಾಜರಿಗೆ ತೊಂದರೆ ಇಲ್ಲ ಅಂತ ಬರೆದಿದ್ದರು. ಒಂದು ಸಭೆಯವರು ನಡೆಸುವ ಶಾಲೆ ಇನ್ನೊಂದು ಸಭೆಯ ಮಕ್ಕಳನ್ನು ನೆನಪಿಟ್ಟುಕೊಂಡಿತಲ್ಲ, ನಮ್ಮಂಥ ಹೊರಗಿನವರಿಗೂ ಇಲ್ಲಿ ಜಾಗ ಇದೆ ಅಂತ ನನಗೆ ಅನ್ನಿಸಿದ್ದು ಅವತ್ತೇ.

ಲೆಂಟ್ ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಆ ಸಮಯದ ಪತ್ರ ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ತೆಗೆದುಕೊಂಡಿತು. ಲೆಂಟ್ 40 ದಿನ ಅಂತ ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳು ಕ್ಯಾಲೆಂಡರ್ ಹಿಡಿದು ಕೂತಳು. ಲೆಂಟ್ ಶುರುವಾಗುವ ಬೂದಿ ಬುಧವಾರ 2025ರ ಮಾರ್ಚ್ 5. ಅಲ್ಲಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46. ಮತ್ತೆ ಎಣಿಸಿದಳು, ಮತ್ತೆ 46. "ಅಪ್ಪಾ, ಮಿಸ್ ತಪ್ಪು ಹೇಳಿದ್ದಾರೆ" ಅಂದಳು. ನಾನೂ ಎಣಿಸಿದೆ. ಸೋಮವಾರ ಹೋಗಿ ಮಿಸ್‌ಗೆ ಕೇಳಿದ್ದಾಳೆ. ಆ ಶುಕ್ರವಾರದ ಪತ್ರದಲ್ಲಿ "ಮಕ್ಕಳ ಪ್ರಶ್ನೆ" ಅನ್ನುವ ಮೂಲೆಯಲ್ಲಿ ಉತ್ತರ ಬಂತು. ನಡುವೆ ಬರುವ ಆರು ಭಾನುವಾರಗಳನ್ನು ಉಪವಾಸದ ದಿನಗಳ ಲೆಕ್ಕಕ್ಕೆ ಹಿಡಿಯುವುದಿಲ್ಲ, ಏಕೆಂದರೆ ಪ್ರತಿ ಭಾನುವಾರವೂ ಯೇಸುವಿನ ಪುನರುತ್ಥಾನವನ್ನು ನೆನೆಯುವ ಸಂತೋಷದ ದಿನ. 46ರಲ್ಲಿ 6 ಹೋದರೆ 40. ಪ್ರಶ್ನೆ ಯಾರದು ಅಂತ ಹೆಸರು ಹಾಕಿರಲಿಲ್ಲ, "ಎರಡು ಸಲ ಎಣಿಸಿದ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ" ಅಂತ ಬರೆದಿದ್ದರು. ಆ ಕಾಗದ ಇವತ್ತಿಗೂ ಅವಳ ಪೆನ್ಸಿಲ್ ಡಬ್ಬಿಯಲ್ಲಿ ಮಡಚಿಕೊಂಡು ಕೂತಿದೆ.

ಈ ಮೂಲೆ ಪತ್ರದ ಅತ್ಯುತ್ತಮ ಭಾಗ ಅಂತ ನನ್ನ ಅಭಿಪ್ರಾಯ. ಕ್ರಿಸ್‌ಮಸ್ ಹೊತ್ತಿಗೆ ಒಬ್ಬ ಹುಡುಗ ಕೇಳಿದ್ದ, ಯೇಸುವನ್ನು ನೋಡೋಕೆ ಬಂದ ಜೋಯಿಸರು ಎಷ್ಟು ಜನ ಅಂತ. ಮೂರು ಅಂತ ತಾನೇ ನಾವೆಲ್ಲ ಅಂದುಕೊಂಡಿರುವುದು? ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಸಂಖ್ಯೆಯೇ ಇಲ್ಲ, ಇರುವುದು ಚಿನ್ನ, ಧೂಪ, ರಕ್ತಬೋಳ ಅನ್ನುವ ಮೂರು ಕಾಣಿಕೆ, ಅದರಿಂದ ಜನ ಮೂವರು ಅಂತ ಅಂದುಕೊಂಡರು ಅಂತ ಉತ್ತರ ಬರೆದಿದ್ದರು. ಆ ವರ್ಷದ ನಾಟಕದಲ್ಲಿ ಐದು ಜೋಯಿಸರು ಬಂದರು. ಪಾತ್ರ ಬೇಕು ಅಂತ ಕಾಯುತ್ತಿದ್ದ ಇನ್ನಿಬ್ಬರಿಗೂ ಕಿರೀಟ ಸಿಕ್ಕಿತು.

ನಾಟಕ ಅಂದೆನಲ್ಲ, ಅದರ ವರದಿ ಬಂದ ಪತ್ರದ ಬಗ್ಗೆ ಹೇಳಲೇಬೇಕು. ನನ್ನ ಮಗಳು ಕುರಿ. ಮಾತಿಲ್ಲದ ಪಾತ್ರ, ಹಿಂದಿನ ಸಾಲು. ಶಾಲೆಯ ಸುದ್ದಿ ಅಂದರೆ ಸಾಮಾನ್ಯವಾಗಿ ಮರಿಯಳ ಪಾತ್ರದವಳು, ಯೋಸೇಫನ ಪಾತ್ರದವನು, ಬಂದ ಅತಿಥಿಗಳು, ಅಲ್ಲಿಗೆ ಮುಗಿಯುತ್ತದೆ ಅಲ್ವಾ? ಇವರು ಪ್ರತಿಯೊಂದು ಮಗುವಿನ ಹೆಸರು ಹಾಕಿದ್ದರು. ಕುರಿಗಳು ಯಾರು, ನಕ್ಷತ್ರ ಹಿಡಿದವರು ಯಾರು, ಪರದೆ ಎಳೆದವರು ಯಾರು, ಜ್ವರ ಬಂದು ಆ ದಿನ ಬರಲಾಗದೆ ಹೋದವರು ಯಾರು. ಆ ಕೊನೆಯ ಸಾಲು ಬರೆಯಬೇಕು ಅಂತ ಯಾರಿಗೆ ಹೊಳೆಯಿತೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ. ಪತ್ರದಲ್ಲಿ ಹೆಸರು ಇದ್ದರೆ ಫೋಟೋ ಇರುವುದಿಲ್ಲ, ಫೋಟೋ ಇದ್ದರೆ ಹೆಸರು ಇರುವುದಿಲ್ಲ. ಹೆಸರಿಗೂ ಫೋಟೋಗೂ ವರ್ಷದ ಮೊದಲೇ ಬೇರೆ ಬೇರೆಯಾಗಿ ಒಪ್ಪಿಗೆ ಕೇಳುತ್ತಾರೆ. ಬೇಡ ಅಂದ ಮನೆಯವರನ್ನು ಯಾಕೆ ಅಂತ ಕೇಳುವುದಿಲ್ಲ.

ಈಗ ನೋವಾದ ವಿಷಯ. ಪತ್ರದ ಕೊನೆಯಲ್ಲಿ "ಪ್ರಾರ್ಥಿಸೋಣ" ಅನ್ನುವ ಭಾಗ ಇದೆ. ಕಾಯಿಲೆ ಬಿದ್ದವರು, ಮನೆಯಲ್ಲಿ ಸಾವಾದವರು, ಕೆಲಸ ಹುಡುಕುತ್ತಿರುವವರು, ಇವರಿಗಾಗಿ. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಆಪರೇಷನ್‌ಗೆ ಆಸ್ಪತ್ರೆ ಸೇರಿದ್ದಳು. ಕ್ಲಾಸ್ ಟೀಚರಿಗೆ ಮಾತ್ರ ಹೇಳಿದ್ದೆ, ಮಗಳು ಸ್ವಲ್ಪ ಮಂಕಾಗಿದ್ದರೆ ಗಮನಿಸಲಿ ಅಂತ. ಶುಕ್ರವಾರ ಪತ್ರದಲ್ಲಿ ಹೆಸರು, ಕ್ಲಾಸು, ಆಪರೇಷನ್ ಎಲ್ಲ ಅಚ್ಚಾಗಿತ್ತು. ಬರೆದವರದು ಒಳ್ಳೆಯ ಮನಸ್ಸು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಸೋಮವಾರ ಗೇಟಿನ ಹತ್ತಿರ ನಾಲ್ಕೈದು ಜನ ಮಗಳನ್ನೇ ನಿಲ್ಲಿಸಿ "ಅಮ್ಮ ಹೇಗಿದ್ದಾರೆ" ಅಂತ ಕೇಳಿದರು. ನಾವು ಮಗಳಿಗೆ, ಅಮ್ಮನಿಗೆ ಹೊಟ್ಟೆನೋವು, ಎರಡು ದಿನಕ್ಕೆ ಬರ್ತಾಳೆ ಅಂತಷ್ಟೇ ಹೇಳಿದ್ದೆವು. ಅವತ್ತು ರಾತ್ರಿ ಅವಳು ನಿದ್ದೆ ಮಾಡಲಿಲ್ಲ.

ಹೆಡ್ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಸಮರ್ಥನೆ ಮಾಡಿಕೊಳ್ಳಲಿಲ್ಲ, ಕ್ಷಮೆ ಕೇಳಿದರು. ಮುಂದಿನ ತಿಂಗಳಿಂದ ಪದ್ಧತಿ ಬದಲಾಯಿತು. ಮನೆಯವರು ತಾವೇ ಬರೆದುಕೊಟ್ಟರೆ ಮಾತ್ರ ಹೆಸರು, ಇಲ್ಲದಿದ್ದರೆ "ನಮ್ಮ ಒಂದು ಕುಟುಂಬಕ್ಕಾಗಿ" ಅಂತಷ್ಟೇ. ನೀವು ಇಂಥ ಶಾಲೆ ನಡೆಸುತ್ತಿದ್ದರೆ, ಪತ್ರ ಬರೆಯುತ್ತಿದ್ದರೆ, ದಯವಿಟ್ಟು ಇದನ್ನು ಮೊದಲ ದಿನವೇ ಮಾಡಿ. ಹೆಸರಿಲ್ಲದೆ ಮಾಡಿದರೂ ಪ್ರಾರ್ಥನೆ ಪ್ರಾರ್ಥನೆಯೇ ಅಲ್ವಾ. ಹೆಂಡತಿ ಹುಷಾರಾದ ಮೇಲೆ ನಾವೇ ಒಂದು ಸಾಲು ಬರೆದುಕೊಟ್ಟೆವು, ನೆನೆಸಿಕೊಂಡವರಿಗೆ ಥ್ಯಾಂಕ್ಸ್ ಅಂತ. ಅದನ್ನು ಒಂದಕ್ಷರ ಬದಲಿಸದೆ ಹಾಕಿದರು.

ಇನ್ನು ವಾಟ್ಸಾಪ್ ಗ್ರೂಪು. ಪೆನ್ಸಿಲ್ ಕಳೆದುಹೋದರೆ, ಹೋಂವರ್ಕ್ ಪುಟ ಯಾವುದು ಅಂತ ಕೇಳಬೇಕಾದರೆ ಒಳ್ಳೆಯದು. ಸುದ್ದಿಗೆ ಮಾತ್ರ ನಂಬಬೇಡಿ. ಒಂದು ಸಲ ಕ್ಲಾಸಿನಲ್ಲಿ ಯಾರಿಗೋ ತಲೆಯಲ್ಲಿ ಹೇನು ಅಂತ ಶುರುವಾಗಿ, ರಾತ್ರಿ ಹತ್ತರ ಹೊತ್ತಿಗೆ ಒಬ್ಬ ಹುಡುಗಿಯ ಹೆಸರು ಎಳೆದುಹಾಕಿ, ಅವಳ ಮನೆ ಸ್ವಚ್ಛವಿಲ್ಲ ಅನ್ನುವವರೆಗೆ ಮಾತು ಹೋಯಿತು. ಓದಿ ಹೊಟ್ಟೆ ಕಿವುಚಿದಂತಾಯಿತು. ಶಾಲೆ ಶುಕ್ರವಾರಕ್ಕೆ ಕಾಯಲಿಲ್ಲ, ಮಾರನೇ ದಿನವೇ ಒಂದು ಪುಟ ಕಳಿಸಿತು. ಹೇನು ಹಾರುವುದಿಲ್ಲ, ನೆಗೆಯುವುದೂ ಇಲ್ಲ, ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ಕೊಳಕು ಕೂದಲು, ತೊಳೆದ ಕೂದಲು ಅಂತ ಭೇದ ಅದಕ್ಕಿಲ್ಲ. ಸೀರು ಒಡೆಯುವುದಕ್ಕೆ ವಾರ, ಹತ್ತು ದಿನ ಬೇಕು, ಹಾಗಾಗಿ ಒಂದೇ ಸಲ ಔಷಧಿ ಹಾಕಿ ಬಿಟ್ಟರೆ ಮತ್ತೆ ಬರುತ್ತದೆ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಒದ್ದೆ ಕೂದಲನ್ನು ಬಾಚುತ್ತಲೇ ಇರಬೇಕು. ಯಾವ ಮಗು ಅಂತ ಹೇಳುವುದಿಲ್ಲ, ಕೇಳಬೇಡಿ, ಎಲ್ಲರೂ ಇವತ್ತು ಸಂಜೆ ನಿಮ್ಮ ಮಗುವಿನ ತಲೆ ನೋಡಿ. ಹೀಗಿತ್ತು ಪುಟ. ಗ್ರೂಪು ತಣ್ಣಗಾಯಿತು. ಮೂರು ಜನ ತಮ್ಮ ಮಾತು ಡಿಲೀಟ್ ಮಾಡಿದರು.

ಆ್ಯಪ್‌ಗೆ ಬರೋಣ. ಎರಡು ಸ್ಟಾರ್ ಕೊಟ್ಟಿದ್ದೂ ಹಾಜರಿ ತಿಳಿಸುವ ಗುಂಡಿ ಸರಿಯಾಗಿ ಕೆಲಸ ಮಾಡುತ್ತದೆ ಅನ್ನುವ ಒಂದೇ ಕಾರಣಕ್ಕೆ. ಮಗು ಇವತ್ತು ಬರಲ್ಲ ಅಂತ ಹತ್ತು ಸೆಕೆಂಡಿನಲ್ಲಿ ಹೇಳಬಹುದು. ಉಳಿದಿದ್ದೆಲ್ಲ ಕಷ್ಟ. ಐದನೇ ಕ್ಲಾಸಿನವರ ಪ್ರವಾಸದ ನೋಟಿಸು ನನಗೂ ಬರುತ್ತದೆ, ಒಂದೇ ನೋಟಿಸು ಎರಡು ಸಲ ಬರುತ್ತದೆ. ತೆರೆದರೆ ಒಳಗೆ ಪಿಡಿಎಫ್, ಎ4 ಹಾಳೆಗೆ ಮಾಡಿದ್ದು, ಫೋನಿನಲ್ಲಿ ಹಿಗ್ಗಿಸಿ ಅತ್ತಿತ್ತ ಎಳೆದು ಓದಬೇಕು. ಹುಡುಕುವ ಜಾಗದಲ್ಲಿ "ಈಸ್ಟರ್" ಅಂತ ಹಾಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಅದು ನೋಟಿಸಿನ ತಲೆಬರಹ ಮಾತ್ರ ನೋಡುತ್ತದೆ, ತಲೆಬರಹ ಎಲ್ಲಕ್ಕೂ "ಮುಖ್ಯ ಸೂಚನೆ".

ಇನ್ನೂ ದೊಡ್ಡ ತೊಂದರೆ, ಕೆಲವು ನೋಟಿಸು ಬರೀ ಚಿತ್ರವಾಗಿ ಬರುತ್ತದೆ. ಬಣ್ಣಬಣ್ಣದ ಪೋಸ್ಟರ್, ನೋಡೋಕೆ ಚೆನ್ನಾಗಿರುತ್ತದೆ. ನಮ್ಮ ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಾಡಿಕೊಟ್ಟಿದ್ದೇವೆ. ಶುಕ್ರವಾರದ ಇಮೇಲ್ ಅವರು ಪೂರ್ತಿ ಕೇಳುತ್ತಾರೆ, ಮೊಮ್ಮಗಳ ಶಾಲೆಯ ಸುದ್ದಿ ನನಗಿಂತ ಅವರಿಗೇ ಮೊದಲು ಗೊತ್ತಿರುತ್ತದೆ. ಈ ಪೋಸ್ಟರ್ ಬಂದರೆ ಫೋನು "ಚಿತ್ರ" ಅಂದು ಸುಮ್ಮನಾಗುತ್ತದೆ. ಕೆಳಗೆ ಅದೇ ಮಾತನ್ನು ಎರಡು ಸಾಲು ಟೈಪ್ ಮಾಡಿದರೆ ಸಾಕು. ಭಾಷೆ ಬೇರೆಯಾಗಿರುವ ಪೋಷಕರು ಅನುವಾದ ಮಾಡಿಕೊಂಡು ಓದುವುದಕ್ಕೂ ಅದೇ ಬೇಕು.

ಆ್ಯಪ್ ಮತ್ತು ಪತ್ರ ಒಂದಕ್ಕೊಂದು ಮಾತಾಡುವುದಿಲ್ಲ ಅನ್ನುವುದು ನನಗೆ ಪಾಠವಾಗಿದ್ದು ಹೋದ ಟರ್ಮಿನಲ್ಲಿ. ಸುಗ್ಗಿಯ ಕೃತಜ್ಞತಾ ಆರಾಧನೆ ಗುರುವಾರ ಅಂತ ಪತ್ರದಲ್ಲಿತ್ತು. ಅದು ಬುಧವಾರಕ್ಕೆ ಬಂದದ್ದು ಆ್ಯಪ್‌ನಲ್ಲಿ ಮಾತ್ರ ಹಾಕಿದ್ದರು, ಅದೂ ಮಂಗಳವಾರ ಸಂಜೆ. ನಾನು ಗುರುವಾರ ಕೆಲಸಕ್ಕೆ ರಜೆ ಹಾಕಿ ಹೋದೆ. ಹಾಲ್ ಖಾಲಿ. ಮಗಳು ಹಿಂದಿನ ದಿನ ವೇದಿಕೆಯ ಮೇಲೆ ನಿಂತು ಓದಿದ್ದಳು, ನನ್ನನ್ನು ಹುಡುಕಿದ್ದಳು. ಇದನ್ನು ಬರೆಯುವಾಗಲೂ ಬೇಜಾರಾಗುತ್ತದೆ.

ಅದಕ್ಕೇ ಹೊಸದಾಗಿ ಮಗುವನ್ನು ಸೇರಿಸುವವರಿಗೆ ಹೇಳುವುದು, ಶಾಲೆ ನೋಡೋಕೆ ಹೋದಾಗ ಕಳೆದ ಮೂರು ತಿಂಗಳ ಪತ್ರ ಕೊಡಿ ಅಂತ ಕೇಳಿ. ಕೊಟ್ಟರೆ ಕೂತು ಓದಿ. ಮಕ್ಕಳ ಬಗ್ಗೆ ಎಷ್ಟಿದೆ, ಶಾಲೆ ತನ್ನನ್ನು ಹೊಗಳಿಕೊಂಡಿದ್ದು ಎಷ್ಟಿದೆ ನೋಡಿ. ಕಾಣಿಕೆ, ಉಡುಗೊರೆ ಪೆಟ್ಟಿಗೆ ಅಂತ ಕೇಳಿದ್ದರೆ ಅದು ಆಮೇಲೆ ಎಲ್ಲಿಗೆ ಹೋಯಿತು ಅಂತ ಬರೆದಿದ್ದಾರಾ ನೋಡಿ. ನಮ್ಮಲ್ಲಿ ಮೊದಲು ಬರೆಯುತ್ತಿರಲಿಲ್ಲ, ಪೋಷಕರು ಕೇಳಿದ ಮೇಲೆ ಈಗ ಬರೆಯುತ್ತಾರೆ. ದಿನಾಂಕ ಬದಲಾದರೆ ಯಾವ ದಾರಿಯಲ್ಲಿ ತಿಳಿಸುತ್ತೀರಿ ಅಂತಲೂ ಬಾಯಿಬಿಟ್ಟು ಕೇಳಿ.

ಸುಗ್ಗಿಯ ಆರಾಧನೆಯ ವಿಷಯ ಹೇಳಿದ ಮೇಲೆ ಹೆಡ್ ಮೇಡಂ ಒಂದು ಮಾತು ಕೊಟ್ಟಿದ್ದಾರೆ. ಮುಂದಿನ ಟರ್ಮಿನಿಂದ ಪತ್ರಕ್ಕೂ ಆ್ಯಪ್‌ಗೂ ಒಂದೇ ಕ್ಯಾಲೆಂಡರ್, ಅದನ್ನು ನಮ್ಮ ಫೋನಿನ ಕ್ಯಾಲೆಂಡರಿಗೂ ಸೇರಿಸಿಕೊಳ್ಳಬಹುದು, ಅಲ್ಲಿ ದಿನ ಬದಲಾದರೆ ಇಲ್ಲೂ ತಾನಾಗಿ ಬದಲಾಗುತ್ತದೆ. ಅದು ಬಂದು ಒಂದು ತಿಂಗಳು ಬಳಸಿ ನೋಡಿ, ಆ್ಯಪ್‌ನ ಸ್ಟಾರ್ ಇಲ್ಲೇ ತಿದ್ದುತ್ತೇನೆ.