ಬಾಲಿಕ್‌ಬಾಯನ್ ಪೆಟ್ಟಿಗೆ: ಹಡಗಿನಲ್ಲಿ ಕಳಿಸುವವರು ನೋಡಿಕೊಳ್ಳಬೇಕಾದ್ದು

ದುಬೈಯ ಸತ್ವಾ, ಕರಾಮ ಕಡೆಯ ಫಿಲಿಪೀನೊ ಮನೆಗಳಲ್ಲಿ ಒಂದು ಮೂಲೆಗೆ ಬಾಯಿ ತೆರೆದ ದೊಡ್ಡ ರಟ್ಟಿನ ಪೆಟ್ಟಿಗೆ ಇರುವುದುಂಟು. ಆಫರ್ ಬಂದಾಗ ಒಂದು ಕಾಫಿ ಬಾಟಲಿ, ಸಂಬಳ ಬಂದಾಗ ನಾಲ್ಕು ಟಿನ್ ಕಾರ್ನ್ಡ್ ಬೀಫ್, ಹೀಗೆ ತಿಂಗಳುಗಟ್ಟಲೆ ತುಂಬುತ್ತದೆ. ಇದೇ ಬಾಲಿಕ್‌ಬಾಯನ್ ಪೆಟ್ಟಿಗೆ. ಫಿಲಿಪೀನ್ಸಿನ ಟಗಾಲೊಗ್ ಭಾಷೆಯಲ್ಲಿ ‘ಬಾಲಿಕ್’ ಎಂದರೆ ಮರಳುವುದು, ‘ಬಾಯನ್’ ಎಂದರೆ ನಾಡು. ರಜೆ ಸಿಗದ ವರ್ಷ ಊರಿಗೆ ಹೋಗುವುದು ಈ ಪೆಟ್ಟಿಗೆಯೇ.

ಮಂಗಳೂರಿಗೆ ಕೆಜಿ ಲೆಕ್ಕದಲ್ಲಿ ಕಾರ್ಗೋ ಕಳಿಸಿ ರೂಢಿಯಿರುವವರಿಗೆ ಇಲ್ಲಿಯ ದರ ಬೇರೆಯೆನಿಸುತ್ತದೆ. ಹಡಗಿನ ಪೆಟ್ಟಿಗೆಗೆ ಹೆಚ್ಚಿನ ಏಜೆನ್ಸಿಗಳು ಹಣ ತೆಗೆದುಕೊಳ್ಳುವುದು ಅಳತೆಗೆ, ತೂಕಕ್ಕಲ್ಲ. ಜಂಬೊ ಎಂಬ ದೊಡ್ಡ ಪೆಟ್ಟಿಗೆ ಸಾಮಾನ್ಯವಾಗಿ 24×18×24 ಇಂಚು, ಅಂದರೆ 6 ಘನ ಅಡಿ. ಹಾಗಾಗಿ ಟಿನ್ನು, ಸೋಪು, ಟೂತ್‌ಪೇಸ್ಟು, ಟವೆಲು, ಶೂಗಳಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಔಷಧಿ, ಕಾಗದಪತ್ರ, ಇಂಥ ದಿನಕ್ಕೇ ತಲುಪಬೇಕಾದ ಉಡುಗೊರೆಗೆ ಇದು ಬೇಡವೇ ಬೇಡ.

ಪ್ಯಾಕಿಂಗ್‌ನಲ್ಲೇ ಅರ್ಧ ಗೆಲುವು. ಕೆಳಗಿನ ಜೋಡಣೆಗೆ ಉದ್ದಕ್ಕೊಂದು, ಎರಡು ಅಂಚಿಗೊಂದೊಂದು ಟೇಪು ಹಾಕಿ. ತಳಕ್ಕೆ ಟವೆಲು, ಅದರ ಮೇಲೆ ಟಿನ್ನುಗಳು. ಶಾಂಪೂ ಬಾಟಲಿಯ ಮುಚ್ಚಳ ಬಿಚ್ಚಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮತ್ತೆ ತಿರುಗಿಸಿ ಬಿಗಿ ಮಾಡಿ, ಟೇಪು ಸುತ್ತಿ, ಕವರಿನೊಳಗೆ ನೆಟ್ಟಗೆ ನಿಲ್ಲಿಸಿ. ಸೋಪನ್ನು ಎರಡು ಕವರಿನಲ್ಲಿ ಕಟ್ಟಿ ತಿಂಡಿಯಿಂದ ದೂರವಿಡದಿದ್ದರೆ ಬಿಸ್ಕತ್ತು, ಕಾಫಿ ಎಲ್ಲವೂ ಸೋಪಿನ ವಾಸನೆ ಹಿಡಿಯುತ್ತವೆ. ಚಾಕೊಲೇಟು ಕಂಟೇನರಿನ ಬಿಸಿಗೆ ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪೊರೆ ಬರುತ್ತದೆ. ತಿನ್ನಲು ತೊಂದರೆಯಿಲ್ಲ, ಆದರೆ ಮಕ್ಕಳು ಬೂಸ್ಟು ಹಿಡಿದಿದೆಯೆಂದು ಪಕ್ಕಕ್ಕಿಡುತ್ತಾರೆ. ಶೂ ಒಳಗೆ ಸಾಕ್ಸು ತುರುಕಿ, ಸಂದುಗಳಿಗೆ ಬಟ್ಟೆ ತುಂಬಿ. ಮೇಲೆ ಬೇರೆ ಪೆಟ್ಟಿಗೆಗಳು ಕೂರುವುದರಿಂದ ಒಳಗೆ ಟೊಳ್ಳಿದ್ದ ಪೆಟ್ಟಿಗೆಯೇ ಮೊದಲು ಕುಸಿಯುವುದು. ದುಡ್ಡು, ಒಡವೆ, ಬಿಡಿ ಬ್ಯಾಟರಿ, ಸ್ಪ್ರೇ ಡಬ್ಬ ಹಾಕಲೇಬಾರದು.

ಸುಂಕದ ವಿಷಯ ಸರಳ. ಫಿಲಿಪೀನ್ಸಿನ 2016ರ ಕಸ್ಟಮ್ಸ್ ಕಾಯ್ದೆಯಂತೆ ಹೊರದೇಶದ ಫಿಲಿಪೀನೊಗಳು ಮನೆಯವರ ಬಳಕೆಗೆ ಕಳಿಸುವ ವಸ್ತುಗಳಿಗೆ 1,50,000 ಪೆಸೊ ಮಿತಿಯೊಳಗೆ, ವರ್ಷಕ್ಕೆ ಮೂರು ಬಾರಿಯವರೆಗೆ ಸುಂಕವಿಲ್ಲ. ಪಾಸ್‌ಪೋರ್ಟ್ ಪ್ರತಿ, ತುಂಬಿದ ಮಾಹಿತಿ ಹಾಳೆ, ಹೊಸ ವಸ್ತುಗಳಿಗೆ ಬಿಲ್ಲು ಇಟ್ಟುಕೊಂಡಿರಿ. ಒಂದೇ ಮಾಲು ಡಜನ್‌ಗಟ್ಟಲೆ ಇದ್ದರೆ ವ್ಯಾಪಾರಕ್ಕೆಂದು ತಿಳಿಯುತ್ತಾರೆ. 2015ರಲ್ಲಿ ಪೆಟ್ಟಿಗೆ ಬಿಚ್ಚಿ ನೋಡುವ ಮಾತು ಬಂದಾಗ ಜನ ಸಿಟ್ಟಿಗೆದ್ದರು. ಆಗಿನ ಅಧ್ಯಕ್ಷ ಬೆನಿಗ್ನೊ ಅಕಿನೊ ಅದನ್ನು ತಡೆದು ಎಕ್ಸ್‌ರೇ ಸಾಕೆಂದರು. ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಮಾತ್ರ ಬಿಚ್ಚುವುದು.

ನಿಜವಾದ ಅಪಾಯ ಏಜೆನ್ಸಿಯದು. ಇಲ್ಲಿ ಪೆಟ್ಟಿಗೆ ಎತ್ತಿಕೊಂಡು ಹೋಗುವವರು ಒಬ್ಬರು, ಮನಿಲಾದಲ್ಲಿ ಕಂಟೇನರ್ ಬಿಡಿಸಿ ಮನೆಗೆ ಮುಟ್ಟಿಸುವವರು ಇನ್ನೊಬ್ಬರು. ತೀರಾ ಕಡಿಮೆ ದರಕ್ಕೆ ಪೆಟ್ಟಿಗೆ ಹಿಡಿದ ಏಜೆನ್ಸಿ ಅಲ್ಲಿಯವರಿಗೆ ಹಣ ಕಟ್ಟದಿದ್ದರೆ ಕಂಟೇನರ್ ಬಂದರಿನಲ್ಲೇ ಕೊಳೆಯುತ್ತದೆ. ನೂರಾರು ಮನೆಗಳ ಶ್ರಮ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಹಣ ಕೊಡುವ ಮೊದಲು ಅಲ್ಲಿಯ ಪಾಲುದಾರರ ಹೆಸರು, ಫೋನ್ ನಂಬರ್ ಕೇಳಿ ಊರಿನವರಿಂದಲೇ ಒಂದು ಕರೆ ಮಾಡಿಸಿ. ಹೆಸರು ಹೇಳಲು ತಡವರಿಸುವ ಕಡೆ ಪೆಟ್ಟಿಗೆ ಕೊಡಬೇಡಿ, ದರ ಎಷ್ಟೇ ಕಡಿಮೆಯಿರಲಿ.

ಮನಿಲಾದ ಆಸುಪಾಸಿಗೆ ಒಂದರಿಂದ ಎರಡು ತಿಂಗಳು ಲೆಕ್ಕ ಹಿಡಿಯಿರಿ. ನಡುವಿನ ವಿಸಾಯಸ್, ದಕ್ಷಿಣದ ಮಿಂಡನಾವೊ ದ್ವೀಪಗಳಿಗೆ ಅಲ್ಲಿಂದ ಮತ್ತೊಂದು ಹಡಗು. ಚಂಡಮಾರುತದ ತಿಂಗಳುಗಳಲ್ಲಿ ಅದೂ ತಡ. ಕ್ರಿಸ್‌ಮಸ್‌ಗೆ ತಲುಪಬೇಕಾದ ಪೆಟ್ಟಿಗೆ ಸೆಪ್ಟೆಂಬರ್ ಒಳಗೇ ಹೊರಡಲಿ.

ವಿಳಾಸದಲ್ಲಿ ಬಾರಂಗಾಯ್ (ಅಲ್ಲಿಯ ಅತಿ ಚಿಕ್ಕ ಆಡಳಿತ ಘಟಕ) ಹೆಸರು, ಹತ್ತಿರದ ಚರ್ಚು ಅಥವಾ ಸಾರಿ-ಸಾರಿ ಎಂಬ ಸಣ್ಣ ಕಿರಾಣಿ ಅಂಗಡಿ, ಎರಡು ಮೊಬೈಲ್ ನಂಬರ್ ಇರಲಿ. ಅದರದೇ ಒಂದು ಪ್ರತಿ ಪೆಟ್ಟಿಗೆಯೊಳಗೂ ಹಾಕಿ. ಪೆಟ್ಟಿಗೆ ಬಂದಾಗ ಟೇಪು ಹರಿದಿದೆಯೇ ನೋಡಿ, ಫೋಟೊ ತೆಗೆದ ಮೇಲೇ ಸಹಿ ಹಾಕಲು ಮನೆಯವರಿಗೆ ಮೊದಲೇ ಹೇಳಿಡಿ.