ಉದ್ರಿ ಪುಸ್ತಕದ ಹೆಸರುಗಳಿಗೆ ಓಪನ್‌ರಿಫೈನ್: ನಾಲ್ಕು ವರ್ಷ ಬಳಸಿದ ಮೇಲೆ

ಮುಳಬಾಗಿಲಿನ ನಮ್ಮ ಬೀಜ, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಯುವ ಕೈಗಳು ಮೂರು. ಅಪ್ಪ ಕಿವಿಗೆ ಬಿದ್ದಂತೆ ಬರೆಯುತ್ತಾರೆ: ವೆಂಕಟರವಣಪ್ಪ, ಅನುಮಂತಪ್ಪ, ಚವುಡಪ್ಪ. ನಾನು ಶಾಲೆಯಲ್ಲಿ ಕಲಿತಂತೆ ವೆಂಕಟರಮಣಪ್ಪ, ಹನುಮಂತಪ್ಪ, ಚೌಡಪ್ಪ ಎಂದು ಬರೆಯುತ್ತೇನೆ. ಅಂಗಡಿಯ ಹುಡುಗನ ಮನೆಮಾತು ತೆಲುಗು. ಅವನ ಕೈಯಲ್ಲಿ ವೆಂಕಟ ‘ಎಂಕಟ’ನಾಗುತ್ತಾನೆ. ಒಬ್ಬನೇ ರೈತನಿಗೆ ಮೂರು ಖಾತೆ, ಮೂರು ಬಾಕಿ. ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದಾಗ ಈ ಗೋಜಲು ಬಿಡಿಸಲು ಹಿಡಿದದ್ದು ಓಪನ್‌ರಿಫೈನ್ ಎಂಬ ತಂತ್ರಾಂಶ.

ಉಚಿತವಾಗಿ ಸಿಗುತ್ತದೆ. 2010ರಲ್ಲಿ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಎಂದು ಹುಟ್ಟಿ, ಗೂಗಲ್ ರಿಫೈನ್ ಆಗಿ, 2012ರಲ್ಲಿ ಈಗಿನ ಹೆಸರು ಪಡೆಯಿತು. ಬ್ರೌಸರಿನಲ್ಲಿ ತೆರೆದುಕೊಂಡರೂ ಮಾಹಿತಿ ನಮ್ಮ ಯಂತ್ರದಲ್ಲೇ ಉಳಿಯುತ್ತದೆ. ಯಾರ ಬಾಕಿ ಎಷ್ಟು ಎಂಬುದು ಅಂಗಡಿಯ ಹೊಸಿಲು ದಾಟಬಾರದು ಎನ್ನುವ ಅಪ್ಪ ಒಪ್ಪಿದ್ದು ಈ ಒಂದು ಕಾರಣಕ್ಕೆ.

ಹೋಲುವ ಹೆಸರುಗಳನ್ನು ಗುಂಪುಗೂಡಿಸಲು ಇದರಲ್ಲಿ ಹಲವು ವಿಧಾನಗಳಿವೆ. ಮೊದಲನೆಯದು ‘ಫಿಂಗರ್‌ಪ್ರಿಂಟ್’. ಚುಕ್ಕಿ, ಅಲ್ಪವಿರಾಮಗಳನ್ನು ತೆಗೆದು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. ‘ಕೆ. ನಾರಾಯಣಪ್ಪ’ ಮತ್ತು ‘ನಾರಾಯಣಪ್ಪ ಕೆ’ ತಕ್ಷಣ ಒಂದಾಗುತ್ತವೆ. ಆದರೆ ಚುಕ್ಕಿಯ ಪಕ್ಕ ಜಾಗ ಬಿಡದೆ ‘ಕೆ.ನಾರಾಯಣಪ್ಪ’ ಎಂದು ಬರೆದಿದ್ದರೆ ಅದು ಕೆನಾರಾಯಣಪ್ಪನಾಗಿ ಹೊರಗೇ ನಿಲ್ಲುತ್ತದೆ.

ಉಚ್ಚಾರದ ಮೇಲೆ ಹೋಲಿಸುವ ವಿಧಾನಗಳು ರೋಮನ್ ಲಿಪಿಗಾಗಿ ಹುಟ್ಟಿದವು, ಕನ್ನಡ ಅಕ್ಷರಕ್ಕೆ ನಡೆಯುವುದಿಲ್ಲ. ಹಳೆಯ ಬಿಲ್ಲುಗಳಲ್ಲಿ ಹೆಸರು ಇಂಗ್ಲಿಷಿನಲ್ಲಿದ್ದುದರಿಂದ ಅಲ್ಲಿ ಸೌಂಡೆಕ್ಸ್ ಪ್ರಯೋಗಿಸಿದೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮುದುಕ ಇದು. ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಮೂರು ಅಂಕಿ ಕೊಡುತ್ತದೆ. ಲಕ್ಷ್ಮಿಯನ್ನು ಎಕ್ಸ್ ಹಾಕಿ ಬರೆದರೂ ಕೆ-ಎಸ್-ಎಚ್ ಹಾಕಿ ಬರೆದರೂ ಎಲ್250 ಬರುತ್ತದೆ, ಖುಷಿಯಾಯಿತು. ಮುಂದಿನ ಪುಟಕ್ಕೆ ಹೋದರೆ ವೆಂಕಟಪ್ಪ, ವೆಂಕಟೇಶ, ವೆಂಕಟಸ್ವಾಮಿ, ವೆಂಕಟರಮಣಪ್ಪ, ವೆಂಕಟಾಚಲಪತಿ ಎಲ್ಲರೂ ವಿ523! ತಿರುಪತಿಯ ದಾರಿಯಲ್ಲಿರುವ ತಾಲ್ಲೂಕಿನಲ್ಲಿ ಇದರಿಂದ ಏನು ಪ್ರಯೋಜನ? ಇತ್ತ ಹನುಮಂತಪ್ಪ, ಅನುಮಂತಪ್ಪ ಮಾತ್ರ ಮೊದಲ ಅಕ್ಷರ ಬೇರೆಯಾದ್ದರಿಂದ ಸೇರಲೇ ಇಲ್ಲ.

ಕನ್ನಡಕ್ಕೆ ಒದಗಿದ್ದು ಲೆವೆನ್‌ಸ್ಟೈನ್ ಅಂತರ. ರಷ್ಯಾದ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ: ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಚಿಹ್ನೆ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಎಣಿಕೆ. ಯಂತ್ರಕ್ಕೆ ಒತ್ತು, ಗುಣಿತ, ಅರ್ಧಾಕ್ಷರದ ಗುರುತು ಎಲ್ಲವೂ ಒಂದೊಂದು ಚಿಹ್ನೆ. ರಮಣಪ್ಪನಿಗೂ ರವಣಪ್ಪನಿಗೂ ಅಂತರ 1. ಹನುಮಂತ, ಅನುಮಂತರಿಗೂ 1. ಸೊಗಸು. ಆದರೆ ಚೌಡಪ್ಪ, ಚವುಡಪ್ಪ ಒಬ್ಬನೇ ಆದರೂ ಅಂತರ 2. ಬೇರೆ ಬೇರೆ ಊರಿನ ರಾಮಪ್ಪ, ರಾಜಪ್ಪರಿಗೆ ಬರೀ 1. ಈ ನಾಲ್ಕು ವರ್ಷದಲ್ಲಿ ನನ್ನ ತಲೆ ತಿಂದದ್ದು ಇದೇ.

ಮೊದಲಿಗೆ ಅಂತರ 1, ಬ್ಲಾಕ್ 6 ಎಂದಿರುತ್ತದೆ. ಅಂದರೆ ಆರು ಚಿಹ್ನೆ ಸತತವಾಗಿ ಒಂದೇ ಆಗಿರುವ ಹೆಸರುಗಳನ್ನಷ್ಟೇ ಹೋಲಿಸಿ ನೋಡುತ್ತದೆ. ನಮ್ಮ ಗಿಡ್ಡ ಹೆಸರುಗಳು ಅಲ್ಲೇ ತಪ್ಪಿಸಿಕೊಳ್ಳುತ್ತವೆ. ಚೌಡಪ್ಪನನ್ನು ಹಿಡಿಯಲೇಬೇಕೆಂದು ಒಂದು ರಾತ್ರಿ ಅಂತರ 2, ಬ್ಲಾಕ್ 3 ಮಾಡಿ, ಬಂದ ಗುಂಪುಗಳನ್ನೆಲ್ಲ ಕಣ್ಣಾಡಿಸದೆ ಒಂದುಗೂಡಿಸಿಬಿಟ್ಟೆ. ವಾರದ ನಂತರ ಮುನಿಯಮ್ಮ ಎಂಬ ಗಿರಾಕಿ ಬಂದು, “ನನ್ನ ಲೆಕ್ಕ ಹಾಲಿನ ದುಡ್ಡಿನಲ್ಲಿ ತೀರಿಸಿದ್ದೇನಲ್ಲಪ್ಪ, ಮತ್ತೆ ಬಾಕಿ ಎಲ್ಲಿಂದ ಬಂತು?” ಎಂದರು. ಗಂಡ ಮುನಿಯಪ್ಪನ ಔಷಧಿ ಬಾಕಿ ಹೆಂಡತಿಯ ತಲೆಗೆ ಬಂದಿತ್ತು. ‘ಪ್ಪ’ಕ್ಕೂ ‘ಮ್ಮ’ಕ್ಕೂ ಅಂತರ 2. ತಪ್ಪು ತಂತ್ರಾಂಶದ್ದಲ್ಲ, ಗುಂಡಿ ಒತ್ತಿದ ನನ್ನದು. ಮಾಡಿದ ಪ್ರತಿ ಹೆಜ್ಜೆಯೂ ಅದರಲ್ಲಿ ದಾಖಲಾಗಿದ್ದರಿಂದ ಹಿಂದಕ್ಕೆ ಹೋಗಿ ಇಬ್ಬರನ್ನೂ ಬೇರ್ಪಡಿಸಿದೆ. ಈ ಒಂದು ಸೌಲಭ್ಯಕ್ಕೇ ಐದಕ್ಕೆ ನಾಲ್ಕು ನಕ್ಷತ್ರ.

ಈಗ ಹೆಸರಿನ ಪಕ್ಕ ಹೋಲಿಕೆಗೆಂದೇ ಇನ್ನೊಂದು ಕಾಲಂ ಮಾಡಿಕೊಂಡಿದ್ದೇನೆ. ಅದರಲ್ಲಿ ‘ಚೌ’ ‘ಚವು’ ಆಗುತ್ತದೆ, ‘ರವಣ’ ‘ರಮಣ’ವಾಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶ, ಷ ಎರಡೂ ಸ ಆಗುತ್ತವೆ. ಮೊದಲ ಹಕಾರವನ್ನು ಅಕಾರ ಮಾಡುವಾಗ ಎಡವಿದೆ: ಹೊನ್ನಪ್ಪನ ಒತ್ವ ಅಕಾರಕ್ಕೆ ಅಂಟಿಕೊಂಡು ಓದಲಾಗದ ಗುರುತಾಯಿತು. ಹೊ ಎಂದರೆ ಒ, ಹು ಎಂದರೆ ಉ ಎಂದು ಒಂದೊಂದಾಗಿ ಹೇಳಿಕೊಡಬೇಕಾಯಿತು. ಆ ಕಾಲಮಿನ ಮೇಲೆ ಬರೀ ಫಿಂಗರ್‌ಪ್ರಿಂಟ್ ಓಡಿಸಿದರೆ ಸಾಕು. ಪಹಣಿಯಲ್ಲಿರುವಂತೆ ಬಿನ್, ಕೋಂ ಹಾಕಿ ತಂದೆಯ ಅಥವಾ ಗಂಡನ ಹೆಸರನ್ನೂ ಸೇರಿಸಿದ್ದೇನೆ.

ಆದರೂ ಒಂದೇ ಊರಿನ, ಒಂದೇ ಹೆಸರಿನ ತಂದೆಯರ ಇಬ್ಬರು ನಾರಾಯಣಸ್ವಾಮಿಗಳು ಉಳಿದರು. ಅಪ್ಪನನ್ನು ಕೇಳಿದೆ. “ಒಬ್ಬ ಬೋರ್‌ವೆಲ್ ನಾರಾಯಣಸ್ವಾಮಿ, ಇನ್ನೊಬ್ಬ ಮಾವಿನತೋಪಿನವನು” ಎಂದರು, ಪೇಪರಿನಿಂದ ಕಣ್ಣೆತ್ತದೆ. ‘ಅಡ್ಡಹೆಸರು’ ಎಂಬ ಕಾಲಂ ಸೇರಿಸಿದೆ; ಅದನ್ನು ತುಂಬಿಸುವ ಕೆಲಸ ಅಪ್ಪನದು.