ಸಿದ್ಧ ಉಂಗುರವೋ, ಬಿಡಿ ಹರಳೋ: ಮಂಗಳೂರಿನಲ್ಲಿ ಅರ್ಧ ಕ್ಯಾರಟ್ ಡೈಮಂಡ್ ಕೊಳ್ಳುವವರಿಗೆ

ಹಂಪನಕಟ್ಟದ ಶೋರೂಮಿಗೆ ಹೋಗಿ, ರಥಬೀದಿಯ ಹಳೆಯ ಚಿನ್ನದಂಗಡಿಗೆ ಹೋಗಿ, ಎಂಗೇಜ್‌ಮೆಂಟಿಗೆ ಡೈಮಂಡ್ ಉಂಗುರ ಅಂದ ಕೂಡಲೇ ಎದುರಿಗೆ ಬರುವುದು ಸಿದ್ಧ ಉಂಗುರಗಳ ಟ್ರೇ. ಬಿಡಿ ಹರಳು ತೋರಿಸಿ ಎಂದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಒಳಗಿನಿಂದ ಕಾಗದದ ಪೊಟ್ಟಣ ಬರುತ್ತದೆ. ಈ ಬರಹ ಅವೆರಡನ್ನೂ ತೂಗಿ ನೋಡುವುದಕ್ಕೆ. 30ರಿಂದ 50 ಸೆಂಟಿನ ಒಂಟಿ ಹರಳಿನ ಉಂಗುರಕ್ಕೆ ಸೀಮಿತ. (100 ಸೆಂಟಿಗೆ ಒಂದು ಕ್ಯಾರಟ್, ಒಂದು ಕ್ಯಾರಟಿಗೆ 0.2 ಗ್ರಾಂ.) ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಒಂದು ತಿಂಗಳು ಕೈಯಲ್ಲಿದ್ದರೆ ಬಿಡಿ ಹರಳು ಆರಿಸಿ ಕಟ್ಟಿಸಿಕೊಳ್ಳಿ. ಬರುವ ಭಾನುವಾರವೇ ನಿಶ್ಚಿತಾರ್ಥ ಎಂದಾದರೆ ಸಿದ್ಧ ಉಂಗುರವೂ ಆದೀತು, ಆದರೆ ಅದರ ಸರ್ಟಿಫಿಕೇಟನ್ನು ಕಣ್ಣುಬಿಟ್ಟು ಓದಿ.

ಸಿದ್ಧ ಉಂಗುರದ ತೊಂದರೆ ಹರಳಿನದ್ದಕ್ಕಿಂತ ಕಾಗದದ್ದು. ಜೊತೆಗೆ ಕೊಡುವ ಪ್ಲಾಸ್ಟಿಕ್ ಕಾರ್ಡು ಬಹಳ ಸಲ ಇಡೀ ಆಭರಣದ ವರದಿ, ಹರಳೊಂದರದ್ದಲ್ಲ. ಬಣ್ಣ 'ಇ-ಎಫ್', ಸ್ವಚ್ಛತೆ 'ವಿವಿಎಸ್-ವಿಎಸ್' ಎಂದು ದರ್ಜೆಗಳನ್ನು ಜೋಡಿಜೋಡಿಯಾಗಿ ಬರೆದಿದ್ದರೆ ಅದು ಆ ಜಾತಿಯದ್ದೇ. (ಬಣ್ಣದ ದರ್ಜೆ ಬಣ್ಣವೇ ಇಲ್ಲದ 'ಡಿ'ಯಿಂದ ಶುರು, ಮುಂದಿನ ಅಕ್ಷರಗಳಿಗೆ ಹೋದಂತೆ ಹಳದಿ ಛಾಯೆ ಹೆಚ್ಚು; ಸ್ವಚ್ಛತೆ ವಿವಿಎಸ್, ವಿಎಸ್, ಎಸ್ಐ ಎಂದು ಇಳಿಯುತ್ತದೆ.) ಕೂರಿಸಿದ ಹರಳಿನ ಅಡಿ, ಅಂಚು ಚಿನ್ನದಲ್ಲಿ ಮರೆಯಾಗಿರುವುದರಿಂದ ಲ್ಯಾಬಿನವರೂ ಅಂದಾಜು ಹೇಳಬಹುದಷ್ಟೇ. ಜಿಐಎ ಅಥವಾ ಐಜಿಐ ಎಂಬ ವಜ್ರ ಪರೀಕ್ಷೆಯ ಲ್ಯಾಬುಗಳು ಬಿಡಿ ಹರಳಿಗೆ ಕೊಡುವ ವರದಿಯಲ್ಲಿ ಒಂದೇ ಬಣ್ಣ, ಒಂದೇ ಸ್ವಚ್ಛತೆ, ಮಿಲಿಮೀಟರಿನ ನೂರನೇ ಭಾಗದವರೆಗಿನ ಅಳತೆ, ಕಟ್ಟಿನ, ಅಂದರೆ ಹರಳು ಕಡೆದ ರೀತಿಯ ಕೋನಗಳ ಚಿತ್ರ ಎಲ್ಲ ಇರುತ್ತದೆ. ವರದಿಯ ಸಂಖ್ಯೆಯನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಿ. ಅದೇ ಸಂಖ್ಯೆಯನ್ನು ಹರಳಿನ ಸೊಂಟದ ಸುತ್ತು, ಅಂದರೆ ಗರ್ಡಲಿನ ಮೇಲೆ ಲೇಸರಿನಲ್ಲಿ ಕೆತ್ತಿದ್ದನ್ನೇ ಆರಿಸಿ; 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಲೂಪ್ ಕೇಳಿ ಪಡೆದು ನೀವೇ ಓದಿ. ಕೂರಿಸುವಾಗ ಆ ಬರಹ ಎರಡು ಪ್ರಾಂಗ್‌ಗಳ (ಹರಳನ್ನು ಹಿಡಿದಿಡುವ ಚಿನ್ನದ ಕೊಕ್ಕೆಗಳ) ನಡುವೆ ಬರಲಿ ಎಂದು ಆರ್ಡರ್ ಚೀಟಿಯಲ್ಲೇ ಬರೆಸಿ. ಆಗ ಉಂಗುರ ಕೈಗೆ ಬಂದ ದಿನ ನೀವು ಆರಿಸಿದ ಹರಳೇ ಅದರಲ್ಲಿದೆಯಾ ಎಂದು ನೋಡಿಕೊಳ್ಳಬಹುದು.

ಟ್ರೇಯಲ್ಲಿ ಇನ್ನೊಂದು ಮೋಸವಲ್ಲದ ಮೋಸವಿದೆ. ಏಳು ಪುಟ್ಟ ಹರಳುಗಳನ್ನು ಒತ್ತೊತ್ತಾಗಿ ಕೂರಿಸಿದ ಪ್ರೆಷರ್ ಸೆಟ್ಟಿಂಗ್ ಉಂಗುರ ದೂರಕ್ಕೆ ಒಂದೇ ದೊಡ್ಡ ಹರಳಿನಂತೆ ಕಾಣುತ್ತದೆ. ಟ್ಯಾಗಿನಲ್ಲಿ 28 ಸೆಂಟ್ ಎಂದಿದ್ದರೆ ಒಂದೊಂದು ಹರಳು 4 ಸೆಂಟು. ಚೆಂದವೇನೋ ಹೌದು, ದಿನಾ ಹಾಕಲೂ ಅಡ್ಡಿಯಿಲ್ಲ. ಆದರೆ ಸಣ್ಣ ಹರಳಿನ ಕ್ಯಾರಟ್ ದರ ಒಂಟಿ ಹರಳಿನದ್ದಕ್ಕಿಂತ ಎಷ್ಟೋ ಕಡಿಮೆ. ಎರಡರ ತೂಕವನ್ನು ಪಕ್ಕಪಕ್ಕ ಇಟ್ಟು 'ಇದು ಅಗ್ಗ' ಎಂದು ಲೆಕ್ಕ ಹಾಕಬೇಡಿ.

ಈಗ ಹರಳಿನ ವಿಷಯ. ಅಂಗಡಿಯವರು ಬಣ್ಣ, ಸ್ವಚ್ಛತೆಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ, ಕಟ್ಟಿನ ಬಗ್ಗೆ ಎರಡು ನಿಮಿಷ. ಆಗಬೇಕಾದ್ದು ಇದರ ಉಲ್ಟಾ. ದುಂಡು ಹರಳು ಮಿನುಗುವುದು ಮೇಲಿನಿಂದ ಹೊಕ್ಕ ಬೆಳಕು ಕೆಳಗಿನ ಇಳಿಜಾರಿಗೆ ತಾಗಿ ಮತ್ತೆ ಮೇಲಕ್ಕೇ ಬಂದಾಗ. ಆ ಕೆಳಗಿನ ಕೋನ 40.6ರಿಂದ 41 ಡಿಗ್ರಿ, ಮೇಲಿನದ್ದು 34ರಿಂದ 35, ಟೇಬಲ್ (ನೆತ್ತಿಯ ಚಪ್ಪಟೆ ಮುಖ) ಹರಳಿನ ಅಗಲದ 54ರಿಂದ 58 ಶೇಕಡಾ, ಒಟ್ಟು ಆಳ ಅದೇ ಅಗಲದ 60ರಿಂದ 62.5 ಶೇಕಡಾ ಇದ್ದರೆ ಕಣ್ಣುಮುಚ್ಚಿ ಮುಂದಿನ ಸುತ್ತಿಗೆ ಇಟ್ಟುಕೊಳ್ಳಬಹುದು. ಕೆಳಕೋನ 42 ದಾಟಿದರೆ ಬೆಳಕು ಪಕ್ಕದಿಂದ ಸೋರಿ ನಡುಭಾಗ ಮೊಳೆಯ ತಲೆಯ ಹಾಗೆ ಕಪ್ಪಗಾಗುತ್ತದೆ. 40ಕ್ಕಿಂತ ಇಳಿದರೆ ಟೇಬಲಿನೊಳಗೆ ಬೂದು ಬಣ್ಣದ ಬಳೆ ಕಾಣುತ್ತದೆ, ಬಂಗುಡೆಯ ಕಣ್ಣಿನಂತೆ. ವ್ಯಾಪಾರದಲ್ಲೂ ಅದಕ್ಕೆ ಫಿಶ್‌ಐ ಎಂದೇ ಹೆಸರು. ಇನ್ನೊಂದು ಚಾಳಿ, ತೂಕ ಉಳಿಸಲು ಹೊಟ್ಟೆ ದಪ್ಪ ಬಿಡುವುದು. ಸರಿಯಾಗಿ ಕಡೆದ 50 ಸೆಂಟಿನ ಹರಳು ಸುಮಾರು 5.1 ಮಿ.ಮೀ. ಅಗಲ ಇರಬೇಕು. ವರದಿಯಲ್ಲಿ 4.9 ಎಂದಿದ್ದರೆ ನೀವು ದುಡ್ಡು ಕೊಡುತ್ತಿರುವುದು ಯಾರಿಗೂ ಕಾಣದ ತೂಕಕ್ಕೆ.

ಕಾಗದ ಒಪ್ಪಿಗೆಯಾದ ಮೇಲೆ ಕಣ್ಣಿನ ಪರೀಕ್ಷೆ. ಕೌಂಟರಿನ ಸ್ಪಾಟ್‌ಲೈಟಿನ ಕೆಳಗೆ ಅಮೆರಿಕನ್ ಡೈಮಂಡ್ ಕೂಡ ಕುಣಿಯುತ್ತದೆ. ಹರಳನ್ನು ಅಂಗಡಿಯ ಬಾಗಿಲ ಹತ್ತಿರದ ನೆರಳಿಗೆ ತರಿಸಿ. ಮಳೆಗಾಲದ ಮೋಡದ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿಯೂ ನಡುಭಾಗ ಜೀವಂತವಾಗಿದ್ದರೆ ಕಟ್ ಒಳ್ಳೆಯದು. ಬಣ್ಣ ನೋಡಲು ಹರಳನ್ನು ಬಿಳಿ ಕಾಗದದ ಮಡಿಕೆಯಲ್ಲಿ ಬೋರಲಾಗಿ ಇಟ್ಟು ಪಕ್ಕದಿಂದ ನೋಡಬೇಕು. ಹಳದಿ ಚಿನ್ನದಲ್ಲಿ ಕಟ್ಟಿಸುವುದಾದರೆ 'ಐ' ದರ್ಜೆ ಸಾಕು, ವೈಟ್ ಗೋಲ್ಡಿಗೆ 'ಜಿ' ಅಥವಾ 'ಎಚ್'. 'ಡಿ', 'ಇ' ಬೇಕೇ ಬೇಕು ಎನ್ನುವುದು ಈ ಗಾತ್ರದಲ್ಲಿ ದುಂದು. ಸ್ವಚ್ಛತೆಗೆ ವಿಎಸ್2 ನೆಮ್ಮದಿ. ಎಸ್ಐ1 ಕೂಡ ನಡೆಯುತ್ತದೆ, ಕಪ್ಪು ಚುಕ್ಕೆ ಟೇಬಲಿನ ನಟ್ಟನಡುವೆ ಇರಬಾರದು ಅಷ್ಟೇ. ವರದಿಯಲ್ಲಿ ಫ್ಲೋರೆಸೆನ್ಸ್ (ನೇರಳಾತೀತ ಬೆಳಕಿಗೆ ಹರಳು ಹೊಳೆಯುವ ಗುಣ) 'ಸ್ಟ್ರಾಂಗ್' ಎಂದಿದ್ದರೆ ಬಿಸಿಲಿಗೆ ಹಿಡಿದು ನೋಡಿ, ಹಾಲು ಹನಿಸಿದಂತೆ ಮಬ್ಬಾದರೆ ಬೇಡ.

ದುಡ್ಡು ಉಳಿಸುವ ಜಾಗ ಬೇರೆಯೇ ಇದೆ. ದರ 50 ಸೆಂಟಿಗೆ ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆ. 46, 47 ಸೆಂಟಿನ ಹರಳು ಕೇಳಿ. ಅಗಲದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಭಾವಿ ಅತ್ತೆಗೂ ಗೊತ್ತಾಗದು.

ಲ್ಯಾಬ್‌ಗ್ರೋನ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಬಗ್ಗೆ ಎರಡು ಮಾತು. ಅದೂ ಇಂಗಾಲದ ಹರಳೇ, ನಿಜವಾದ ವಜ್ರವೇ. ಗಣಿಯದ್ದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಕೌಂಟರಿನ ಮೇಲಿನ ಕೀಂಯ್ ಎನ್ನುವ ಟೆಸ್ಟರ್ ಅದನ್ನು ಗಣಿಯ ವಜ್ರದಿಂದ ಬೇರ್ಪಡಿಸಲಾರದು, ಏಕೆಂದರೆ ಅದು ಅಳೆಯುವುದು ಶಾಖ ಎಷ್ಟು ಬೇಗ ಹರಿಯುತ್ತದೆ ಎನ್ನುವುದನ್ನು. ವಜ್ರವಲ್ಲದಿದ್ದರೂ ವಜ್ರದಂತೆ ಕಾಣುವ ಮಾಯ್ಸನೈಟ್ ಹರಳು ಕೂಡ ಎಷ್ಟೋ ಟೆಸ್ಟರುಗಳನ್ನು ಏಮಾರಿಸುತ್ತದೆ; ಅದನ್ನು ಲೂಪಿನಲ್ಲಿ ಓರೆಯಾಗಿ ನೋಡಿದರೆ ಹಿಂಬದಿಯ ಅಂಚುಗಳು ಎರಡೆರಡಾಗಿ ಕಾಣುತ್ತವೆ. ಹಾಗಾಗಿ ಬಿಲ್ಲಿನಲ್ಲಿ 'ನ್ಯಾಚುರಲ್' ಅಥವಾ 'ಲ್ಯಾಬ್‌ಗ್ರೋನ್' ಎಂಬ ಶಬ್ದ ಇರಲೇಬೇಕು. ಚಿನ್ನದ ಹಾಗೆ ಕಷ್ಟಕಾಲಕ್ಕೆ ಆದೀತು ಎಂದು ಮನೆಯ ಹಿರಿಯರು ಲೆಕ್ಕ ಹಾಕಿದ್ದರೆ ಲ್ಯಾಬ್‌ಗ್ರೋನ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ಗಣಿಯದ್ದಕ್ಕೂ ಬೈಬ್ಯಾಕ್ ಎಷ್ಟು, ಎಕ್ಸ್‌ಚೇಂಜ್ ಎಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಿ.

ಚಿನ್ನ 18 ಕ್ಯಾರಟ್. ಇಲ್ಲೇ ಮನೆಯಲ್ಲಿ ಸಣ್ಣ ಗಲಾಟೆ ಏಳುವುದು: '916 ಅಲ್ಲವಾ?' 22 ಕ್ಯಾರಟಿನ ತೆಳು ಪ್ರಾಂಗ್ ಮೆತ್ತಗೆ, ಬಟ್ಟೆಗೆ ಸಿಕ್ಕಿ ಬಗ್ಗಿದರೆ ಹರಳು ಹೋಯಿತು. ದಿನಬಳಕೆಗೆ ನಾಲ್ಕರ ಬದಲು ಆರು ಪ್ರಾಂಗ್ ಹಾಕಿಸಿ. ಉಂಗುರದ ಒಳಗೆ ಬಿಐಎಸ್ ಗುರುತು, 750 ಎಂಬ ಶುದ್ಧತೆ, ಪ್ರತಿ ಆಭರಣಕ್ಕೂ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಯ ಗುರುತುಸಂಖ್ಯೆ, ಅಂದರೆ ಎಚ್‌ಯುಐಡಿ ಇರಬೇಕು; 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಅಲ್ಲೇ ಪರೀಕ್ಷಿಸಬಹುದು. ನೆನಪಿಡಿ, ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ಹರಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬಿಲ್ಲಿನಲ್ಲಿ ಚಿನ್ನ, ಹರಳು, ಮಜೂರಿ, ಜಿಎಸ್‌ಟಿ ನಾಲ್ಕೂ ಬೇರೆ ಸಾಲುಗಳಲ್ಲಿರಲಿ. ಉಂಗುರದ ಒಟ್ಟು ತೂಕ 3.60 ಗ್ರಾಂ, ಹರಳು 50 ಸೆಂಟ್ ಎಂದರೆ 0.10 ಗ್ರಾಂ ಕಳೆದು 3.50 ಗ್ರಾಮಿಗೆ ಮಾತ್ರ ಚಿನ್ನದ ದರ, ಅದೂ 18 ಕ್ಯಾರಟಿನ ದರ. ಕಳೆಯುವ ಮೊತ್ತ ಸಣ್ಣದು. ಆದರೆ ಅದನ್ನೂ ಕಳೆಯದ ಅಂಗಡಿಯ ಉಳಿದ ಸಾಲುಗಳನ್ನು ಎರಡು ಸಲ ಓದಿ.

ಬೆರಳಿನ ಅಳತೆಯನ್ನು ಸಂಜೆ ಕೊಡಿ. ನಮ್ಮ ಕರಾವಳಿಯ ಸೆಕೆಗೆ ಏಪ್ರಿಲ್‌ನಲ್ಲಿ ಬೆರಳು ಊದುತ್ತದೆ, ಜುಲೈನ ಮಳೆಗೆ ಇಳಿಯುತ್ತದೆ. ಗಂಟು ದಾಟುವಾಗ ಸ್ವಲ್ಪ ತಡೆದು ಬರುವುದೇ ಸರಿ ಅಳತೆ. ಇನ್ನು ತೆಂಗಿನೆಣ್ಣೆ: ವಜ್ರಕ್ಕೆ ಜಿಡ್ಡು ಬಲು ಬೇಗ ಅಂಟುತ್ತದೆ. ತಲೆಗೆ ಎಣ್ಣೆ ಹಚ್ಚಿ, ಮೀನು ಕಾಯಿಸಿ ನಾಲ್ಕು ದಿನದಲ್ಲಿ ಹರಳು ಮಂಕಾಯಿತು ಎಂದು ಅಂಗಡಿಗೆ ಓಡಬೇಕಿಲ್ಲ. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ 20 ನಿಮಿಷ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಹರಳಿನ ಅಡಿಭಾಗ ಉಜ್ಜಿ. ಸಿಂಕಿನಲ್ಲಿ ಬೇಡ, ಬಟ್ಟಲಲ್ಲಿ. ಆರು ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಎಂದರೆ ಪ್ರಾಂಗ್ ಸಡಿಲವಾಗಿದೆ, ಅಂದೇ ಬಿಚ್ಚಿಟ್ಟು ಬಿಗಿ ಮಾಡಿಸಿ.